ಅತ್ತೆಯ ಗ್ರಾಫಿಕ್ಸ್ ಕಾರ್ಡು

ನಾನು ಲಂಚ ಮುಟ್ಟಿದವನಲ್ಲ. ಈ ಮಾತನ್ನು ಕಥೆ ಮುಗಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತಿದ್ದೇನೆ. ಮೊದಲೇ ಹೇಳಿದರೂ ನಂಬುವುದಿಲ್ಲ ಎಂಬುದು ನನ್ನ ಅನುಭವ. ಆದರೂ ಹೇಳುವ ಹಕ್ಕು ನನಗಿದೆ.

ನಾನು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಸರಿಯಿಲ್ಲದಿದ್ದರೆ ತಕ್ಕಡಿಯನ್ನೇ ಎತ್ತಿಕೊಂಡು ಬರುವುದು ನನ್ನ ಕೆಲಸ. ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸಿದವರನ್ನು ಹಿಡಿದಿದ್ದೇನೆ. ತೂಕದ ಕಲ್ಲಿನ ಹೊಟ್ಟೆ ಕೊರೆದು ಮೇಣ ತುಂಬಿದವರನ್ನು ಹಿಡಿದಿದ್ದೇನೆ. ಪೇಟೆಯಲ್ಲಿ ನನ್ನನ್ನು ‘ತಕ್ಕಡಿ ಸಾಹೇಬ’ ಎನ್ನುತ್ತಾರೆ. ನಾನು ಬೆನ್ನು ತಿರುಗಿಸಿದ ಮೇಲೆ ಬೇರೆ ಏನೋ ಎನ್ನುತ್ತಾರೆ. ಯಾರ ಅಂಗಡಿಯಲ್ಲೂ ಒಂದು ಲೋಟ ಚಹಾ ಕುಡಿದವನಲ್ಲ ನಾನು. ಬಾಯಾರಿದರೆ ಚೀಲದಲ್ಲಿ ನನ್ನದೇ ನೀರಿನ ಬಾಟಲಿ ಇರುತ್ತದೆ. ಇದರ ಫಲವಾಗಿ ನಮ್ಮ ಮನೆಯ ಸೋಫಾದ ಒಂದು ಕಾಲಿನ ಜಾಗದಲ್ಲಿ ಇಟ್ಟಿಗೆ ಇದೆ. ಆ ಇಟ್ಟಿಗೆಯ ಬಗ್ಗೆ ನನ್ನ ಹೆಂಡತಿ ಮಾತಾಡದ ದಿನವಿಲ್ಲ.

ಇಂಥ ಮನೆಗೆ ಗೇಮಿಂಗ್ ಕಂಪ್ಯೂಟರ್ ಹೇಗೆ ಬಂತು ಎಂದು ನೀವು ಕೇಳಬಹುದು. ವಿಚಾರಣಾಧಿಕಾರಿಯೂ ಅದನ್ನೇ ಕೇಳಿದರು. ಅದು ನನ್ನದಲ್ಲ, ನನ್ನ ಹೆಂಡತಿಯದಲ್ಲ, ಹೆಂಡತಿಯ ತಾಯಿಯದು, ಅಂದರೆ ನನ್ನ ಅತ್ತೆಯದು.

ಅತ್ತೆ ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದವರು. ಅವರ ಕೈಕೆಳಗೆ ಓಡಿದವರು ಈಗಲೂ ಬೀದಿಯಲ್ಲಿ ಅವರನ್ನು ಕಂಡರೆ ಬೆನ್ನು ನೆಟ್ಟಗೆ ಮಾಡುತ್ತಾರೆ. ಮಂಡಿ ಸವೆದು ನಮ್ಮ ಮನೆಗೆ ಬಂದಾಗ ಡಾಕ್ಟರು, “ಇನ್ನು ಮೇಲೆ ಓಡೋದೆಲ್ಲಾ ಬಿಟ್ಬಿಡಿ ಅಮ್ಮ” ಎಂದರು. ಅತ್ತೆ ಮರುಮಾತಾಡದೆ ಒಪ್ಪಿಕೊಂಡರು. ಮಾರನೆಯ ವಾರ ತಮ್ಮ ಪಿಂಚಣಿಯಲ್ಲಿ ಒಂದು ಹಳೆಯ ಗೇಮಿಂಗ್ ಕಂಪ್ಯೂಟರು, ಮೇಜಿಗೆ ಬಿಗಿಯುವ ಒಂದು ಸ್ಟೀರಿಂಗು ತರಿಸಿ ಕಾರ್ ರೇಸಿಗೆ ಇಳಿದರು. ಪ್ರತಿ ಭಾನುವಾರ ಸಂಜೆ ಎಲ್ಲೆಲ್ಲಿಯೋ ಕುಳಿತವರ ಜೊತೆ ಅವರ ಸ್ಪರ್ಧೆ. ಆ ಕಡೆಯವರೆಲ್ಲ ಇವರನ್ನು ಯಾವನೋ ಪಡ್ಡೆ ಹುಡುಗನೆಂದು ತಿಳಿದು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅತ್ತೆ ಅದನ್ನು ತಿದ್ದಲು ಹೋಗಿರಲಿಲ್ಲ.

ತೊಂದರೆ ಒಂದೇ. ಪ್ರೇಕ್ಷಕರ ಗ್ಯಾಲರಿಯ ಎದುರಿನ ತಿರುವು ಬಂದಾಗಲೆಲ್ಲ ಚಿತ್ರ ಗಕ್ಕನೆ ನಿಲ್ಲುತ್ತಿತ್ತು. ಮತ್ತೆ ಅಲುಗಾಡುವ ಹೊತ್ತಿಗೆ ಅತ್ತೆಯ ಕಾರು ಗೋಡೆಗೆ ಮುಖ ಕೊಟ್ಟು ನಿಂತಿರುತ್ತಿತ್ತು.

“ಅಳಿಯಂದ್ರೇ,” ಎಂದರು ಅತ್ತೆ ಒಂದು ದಿನ, “ಊರಿನ ತಕ್ಕಡಿಗಳನ್ನೆಲ್ಲಾ ನೋಡ್ತೀರಿ. ಈ ಪೆಟ್ಟಿಗೇಲಿ ಯಾವುದು ಕಮ್ಮಿ ಬಿದ್ದಿದೆ ಅಂತ ನೋಡೋಕಾಗಲ್ವಾ? ಲೆಕ್ಕ ಹಾಕೋದು ಪ್ರೊಸೆಸರ್ರು, ಚಿತ್ರ ಬಿಡಿಸೋದು ಗ್ರಾಫಿಕ್ಸ್ ಕಾರ್ಡು. ಎರಡ್ರಲ್ಲಿ ಒಂದು ಸೋಮಾರಿ. ಯಾವುದು ಅಂತ ವಿಚಾರಿಸ್ಕೊಂಡು ಬನ್ನಿ, ದುಡ್ಡು ನಾನು ಕೊಡ್ತೀನಿ. ಒಂದಕ್ಕೆ ಮಾತ್ರ.”

“ಎರಡೂ ಬೇಡ, ಸೋಫಾ ಬದಲಾಯ್ಸಿ,” ಎಂದಳು ಹೆಂಡತಿ ಒಳಗಿನಿಂದ.

ತೂಗಿ ನೋಡಿ ನಿರ್ಧಾರ ಮಾಡುವುದು ನನ್ನ ವೃತ್ತಿ. ಆದ್ದರಿಂದ ಈ ಕೆಲಸ ನನ್ನಿಂದ ಸಲೀಸಾಗಿ ಆಗುತ್ತದೆ ಎಂದು ನಾನು ಧೈರ್ಯವಾಗಿ ಒಪ್ಪಿಕೊಂಡೆ. ವಿಚಾರಿಸಲು ಹೋದವನು ಯಾವ ಇಲಾಖೆಯವನು ಎಂಬುದನ್ನು ಪೇಟೆ ಮರೆಯುವುದಿಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ.

ಪೇಟೆಯಲ್ಲಿ ಒಂದು ಕಂಪ್ಯೂಟರ್ ಅಂಗಡಿ ಇದೆ. ಒಂದು ಬದಿಯಲ್ಲಿ ಕಂಪ್ಯೂಟರು, ಇನ್ನೊಂದು ಬದಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಮಾರುತ್ತಾರೆ. ಆ ತಕ್ಕಡಿಗಳ ದೆಸೆಯಿಂದ ಮಾಲೀಕನಿಗೂ ನನಗೂ ಹಳೆಯ ಪರಿಚಯ. ಸದಾ ಹೆಗಲ ಮೇಲೆ ಒಂದು ಕೇಬಲ್ ನೇತುಹಾಕಿಕೊಂಡಿರುವ ಮನುಷ್ಯ. ಆ ದಿನ ಅವನ ತಕ್ಕಡಿಗಳನ್ನು ಪರೀಕ್ಷಿಸಿ, ಇನ್ನೂ ಮುದ್ರೆ ಒತ್ತದೆ, ಮುದ್ರೆಯ ಇಕ್ಕಳವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ.

“ಒಂದು ವಿಷಯ ಕೇಳ್ಬೇಕಿತ್ತು. ಸ್ವಂತದ್ದು.”

ಅವನ ಮುಖದ ಬಣ್ಣ ಬದಲಾಯಿತು. ಬಾಗಿಲ ಕಡೆ ಒಮ್ಮೆ ನೋಡಿದ. ಫ್ಯಾನು ಜೋರು ಮಾಡಿದ. ಸ್ಟೂಲ್ ಎಳೆದುಕೊಂಡು ಹತ್ತಿರ ಬಂದು ಕುಳಿತ.

“ಹೇಳಿ ಸಾರ್. ನಮ್ಮಲ್ಲೇನು ಮುಚ್ಚುಮರೆ.”

“ಮನೇಲಿ ಒಂದು ಗೇಮಿಂಗ್ ಕಂಪ್ಯೂಟರ್ ಇದೆ. ಪ್ರೊಸೆಸರ್ ಬದಲಾಯ್ಸೋದೋ ಗ್ರಾಫಿಕ್ಸ್ ಕಾರ್ಡ್ ಬದಲಾಯ್ಸೋದೋ ಅಂತ ಯೋಚ್ನೆ. ನೀವೇನು ಹೇಳ್ತೀರಿ?”

“ನಾನು ಏನ್ ಹೇಳ್ಲಿ ಸಾರ್? ನೀವು ಹೇಳಿದ್ದೇ ಆಯ್ತು.”

“ನಾನು ಹೇಳೋದಾಗಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ದೆ? ನಿಮ್ಮ ಮನಸ್ಸಿಗೆ ಬಂದಿದ್ದು ಹೇಳಿ.”

ಅವನು ಇಕ್ಕಳವನ್ನು ನೋಡಿದ. ಮುದ್ರೆಯಿಲ್ಲದ ತಕ್ಕಡಿಗಳನ್ನು ನೋಡಿದ. ಅಳುವ ದನಿಯಲ್ಲಿ, “ಎರಡೂ ತಗೊಂಡ್ಬಿಡಿ ಸಾರ್” ಎಂದ.

“ಛೆ ಛೆ, ಎರಡು ಬೇಡ. ಅಂಥ ದುರಾಸೆ ನಮಗಿಲ್ಲ. ಒಂದೇ ಸಾಕು.”

“ದೊಡ್ಡ ಮನಸ್ಸು ಸಾರ್.”

“ಬೆಲೆ ಎಷ್ಟಾಗುತ್ತೆ?”

“ನಿಮ್ಹತ್ರ ಬೆಲೆ ಹೇಳೋಷ್ಟು ಕೊಬ್ಬು ನಂಗಿಲ್ಲ ಸಾರ್!”

ನನಗೆ ಪಿತ್ತ ನೆತ್ತಿಗೇರಿತು. ಬಂದ ಗಿರಾಕಿಗೆ ಬೆಲೆ ಹೇಳಲೂ ಸೋಮಾರಿತನವೇ? “ಹೇಳೋದಾದ್ರೆ ಹೇಳಿ, ಇಲ್ಲಾಂದ್ರೆ ಬೇರೆ ಕಡೆ ಕೇಳ್ತೀನಿ. ಈ ಪೇಟೇಲಿ ನಾನು ಹೋಗದೇ ಇರೋ ಅಂಗಡಿ ಇಲ್ಲ, ತಿಳ್ಕೊಳ್ಳಿ!” ಎಂದು ಗುಡುಗಿ, ಟಪಟಪನೆ ಮುದ್ರೆ ಒತ್ತಿ, ದುಮುಗುಟ್ಟುತ್ತ ಹೊರಗೆ ಬಂದೆ.

ಆ ಸಂಜೆಯೇ ವರ್ತಕರ ಸಂಘದ ತುರ್ತುಸಭೆ ಸೇರಿತಂತೆ. ಇದು ನನಗೆ ಆಮೇಲೆ ತಿಳಿದದ್ದು. ಇಷ್ಟು ವರ್ಷ ಲೋಟ ಚಹಾ ಮುಟ್ಟದಿದ್ದ ತಕ್ಕಡಿ ಸಾಹೇಬ ಕೊನೆಗೂ ಬಾಯಿ ಬಿಟ್ಟಿದ್ದಾನೆ, ಕೊಡದಿದ್ದರೆ ಎಲ್ಲ ಅಂಗಡಿಗೂ ನುಗ್ಗುತ್ತಾನಂತೆ ಎಂಬುದು ಸಭೆಯ ವಿಷಯ. ಬಾಯಿ ಬಿಟ್ಟದ್ದಕ್ಕೆ ಯಾರಿಗೂ ಬೇಸರವಾಗಲಿಲ್ಲವಂತೆ. ಎಲ್ಲರಿಗೂ ಒಂದು ರೀತಿ ನೆಮ್ಮದಿಯಾಯಿತಂತೆ. ತಕರಾರು ಬಂದದ್ದು ಎರಡರಲ್ಲಿ ಯಾವುದು ಕೊಡಬೇಕು ಎನ್ನುವಲ್ಲಿ.

ಮಾರನೆಯ ದಿನ ಅವರ ನಿಯೋಗ ನಮ್ಮ ಕಚೇರಿಗೆ ಬಂತು. ನಿಯೋಗವೆಂದರೆ ಇಬ್ಬರು: ಕಂಪ್ಯೂಟರ್ ಅಂಗಡಿಯವನು, ಮತ್ತು ಸಂಘದ ಅಧ್ಯಕ್ಷನಾದ ಕಿರಾಣಿ ಅಂಗಡಿಯವನು. ಕಿರಾಣಿಯವನ ತಕ್ಕಡಿಯನ್ನು ಹಿಂದೊಮ್ಮೆ ನಾನು ಎತ್ತಿಕೊಂಡು ಬಂದದ್ದುಂಟು. ನಮ್ಮ ಕಚೇರಿ ಚಿಕ್ಕದು. ನನ್ನ ಮೇಜಿನ ಹಿಂದೆ ಗಾಜಿನ ಗೋಡೆ, ಅದರ ಹಿಂದೆ ಮೇಲಧಿಕಾರಿ.

“ಸಾಹೇಬ್ರ ಮನಸ್ಸಲ್ಲಿ ಏನಿದೆ ಅಂತ ಬಿಚ್ಚಿ ಹೇಳಿದ್ರೆ ನಮಗೂ ಒಂದು ದಾರಿ ಕಾಣುತ್ತೆ,” ಎಂದ ಕಿರಾಣಿಯವನು. “ಪ್ರೊಸೆಸರ್ರೋ, ಇನ್ನೊಂದೋ?”

ನಿಜ ಹೇಳುತ್ತೇನೆ, ನನ್ನ ಕರುಳು ಕರಗಿತು. ಅತ್ತೆಯ ಕಂಪ್ಯೂಟರಿಗಾಗಿ ಇಡೀ ಪೇಟೆ ತಲೆ ಕೆಡಿಸಿಕೊಂಡಿದೆ! ಇಂಥವನ ತಕ್ಕಡಿ ಎತ್ತಿಕೊಂಡು ಬಂದೆನಲ್ಲ ಎಂದು ನನಗೇ ನಾಚಿಕೆಯಾಯಿತು. ಕುರ್ಚಿ ಹಾಕಿಸಿ ಕೂರಿಸಿ, ನನಗೆ ತಿಳಿದದ್ದನ್ನೆಲ್ಲ ತೋಡಿಕೊಂಡೆ.

“ನೋಡಿ, ಪ್ರೊಸೆಸರ್ ಅಂದ್ರೆ ಬರೀ ಪ್ರೊಸೆಸರ್‌ಗೆ ಮುಗಿಯಲ್ಲ. ಹೊಸದು ಹಳೇ ಮದರ್‌ಬೋರ್ಡಿನಲ್ಲಿ ಕೂರಲ್ಲ. ಅಂದ್ಮೇಲೆ ಮದರ್‌ಬೋರ್ಡೂ ಬೇಕು.”

“ಮದರ್‌ಬೋರ್ಡೂ,” ಎಂದ ಕಿರಾಣಿಯವನು.

“ಅದು ಬದಲಾದ್ರೆ ಹಳೇ ಮೆಮೊರಿ ನಡೆಯಲ್ಲ.”

“ಮೆಮೊರೀನೂ.”

“ಹೋಗ್ಲಿ, ಗ್ರಾಫಿಕ್ಸ್ ಕಾರ್ಡಿಗೆ ಸುಮ್ನಾಗೋಣ ಅಂದ್ರೆ ಅದು ಸಿಕ್ಕಾಪಟ್ಟೆ ಕರೆಂಟ್ ಕುಡಿಯುತ್ತೆ. ದೊಡ್ಡ ಪವರ್ ಸಪ್ಲೈ ಬೇಕಾಗುತ್ತೆ. ಹೌದೋ ಅಲ್ವೋ, ನೀವೇ ಹೇಳಿ?”

“ಹೌದು ಸಾರ್,” ಎಂದ ಕಂಪ್ಯೂಟರ್ ಅಂಗಡಿಯವನು, ತನ್ನ ಮರಣವಾರ್ತೆಗೆ ತಾನೇ ಸಾಕ್ಷಿ ಹೇಳುವವನಂತೆ.

“ಸಾಹೇಬ್ರೇ,” ಎಂದು ಕಿರಾಣಿಯವನು ಕೈಮುಗಿದ, “ಇಷ್ಟು ವರ್ಷ ಸುಮ್ನಿದ್ದು ಈಗ ಒಂದೇ ಸಲಕ್ಕೆ ಇಷ್ಟೊಂದು ಅಂದ್ರೆ...”

“ಇಷ್ಟು ವರ್ಷ ಹೇಗೋ ತಳ್ಳಿದ್ದಾಯ್ತು. ಇನ್ನು ನನ್ನ ಕೈಲಿ ತಡ್ಕೊಳಕ್ಕಾಗಲ್ಲ,” ಎಂದೆ ನಾನು, ಗೋಡೆಗೆ ಬಡಿಯುವ ಕಾರನ್ನು ನೆನೆದು. “ಭಾನುವಾರದೊಳಗೆ ಆಗ್ಬೇಕು ಅಂತ ಅತ್ತೆ ಬೇರೆ ಪಟ್ಟು ಹಿಡಿದಿದಾರೆ.”

ಇಬ್ಬರೂ ಮುಖ ಮುಖ ನೋಡಿಕೊಂಡರು. “ಭಾನುವಾರದೊಳಗೆ,” ಎಂದು ಗೊಣಗುತ್ತ ಎದ್ದು ಹೋದರು. ಗಾಜಿನ ಹಿಂದಿನಿಂದ ಮೇಲಧಿಕಾರಿ ಬಂದು, “ಏನ್ರೀ ಅದು?” ಎಂದರು. “ಏನಿಲ್ಲ ಸಾರ್, ಸ್ವಂತ ವಿಷಯ” ಎಂದೆ. ಅವರು ನಿಧಾನವಾಗಿ ತಲೆಯಾಡಿಸಿದರು. ನಮ್ಮ ಕಚೇರಿಯಲ್ಲಿ ‘ಸ್ವಂತ ವಿಷಯ’ ಎಂದವರು ಹಿಂದೆ ಏನೇನು ಕಟ್ಟಿಸಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು.

ಆ ವಾರ ನನ್ನ ಸುತ್ತ ಜಗತ್ತು ವಿಚಿತ್ರವಾಗಿ ಮೃದುವಾಯಿತು. ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಅಂಗಡಿಯವರು ಹಲ್ಲು ಕಿರಿದರು. ಹೆಂಡತಿಗೆ ತರಕಾರಿ ಅಂಗಡಿಯಲ್ಲಿ ಮೊದಲ ಸಾಲು ಸಿಕ್ಕಿತು. ಕಾರಣ ಗೊತ್ತಾದದ್ದು ಮಹಡಿ ಮನೆಯ ನೆರೆಯವರಿಂದ. ಅವರು ನೋಂದಣಿ ಕಚೇರಿಯಿಂದ ನಿವೃತ್ತರಾದವರು. ಅವರ ಸೋಫಾಕ್ಕೆ ಎಲ್ಲ ಕಾಲುಗಳೂ ಇವೆ. ಮೆಟ್ಟಿಲಲ್ಲಿ ನನ್ನನ್ನು ಅಡ್ಡಗಟ್ಟಿ ಎರಡೂ ಕೈಯಿಂದ ನನ್ನ ಕೈ ಕುಲುಕಿದರು.

“ಅಂತೂ ಮನುಷ್ಯ ಆದ್ರಿ! ನಂಗೆಷ್ಟು ಸಂತೋಷ ಆಯ್ತು ಗೊತ್ತಾ?”

“ಯಾಕೆ? ಏನಾಯ್ತು?”

“ನಮ್ಹತ್ರ ಯಾಕ್ರೀ ನಾಟಕ? ಊರಿಗೆಲ್ಲಾ ಗೊತ್ತು. ದುಡ್ಡು ಕೈಲಿ ಮುಟ್ಟಲ್ಲ, ಎಲ್ಲಾ ಕಂಪ್ಯೂಟರ್ ಭಾಗದ ಲೆಕ್ಕದಲ್ಲೇ ತಗೋತೀರಂತೆ. ಎಂಥಾ ತಲೆ! ಪೆಟ್ಟಿಗೆ ಒಳಗೆ ಕೂತ್ರೆ ಯಾವನಿಗೆ ಕಾಣುತ್ತೆ? ನಮ್ಮ ಕಾಲದಲ್ಲಿ ಇದೆಲ್ಲಾ ಇರ್ಲಿಲ್ಲ, ಪಾಪ, ಲಕೋಟೇಲೇ ತಗೋತಿದ್ವಿ.”

ನನ್ನ ಮೈಯೆಲ್ಲ ಉರಿದುಹೋಯಿತು. ಎಷ್ಟು ಉರಿಯಿತೆಂದರೆ, ಕಾಲಿಗೆ ಮನೆಯ ಚಪ್ಪಲಿ ಇದ್ದದ್ದೂ ತಿಳಿಯದೆ ನೇರ ಪೇಟೆಗೆ ನಡೆದೆ. ಕಿರಾಣಿ ಅಂಗಡಿಯ ಮುಂದೆ ನಿಂತು, ಬೀದಿಯ ಎರಡೂ ತುದಿಗೆ ಕೇಳುವಂತೆ ಕಿರುಚಿದೆ.

“ನನ್ನನ್ನ ಏನಂದ್ಕೊಂಡಿದೀರ್ರೀ? ಒಂದು ಗ್ರಾಫಿಕ್ಸ್ ಕಾರ್ಡಿಗೆ ನನ್ನನ್ನೇ ಮಾರ್ಕೊಳ್ಳೋನಾ ನಾನು?”

ಕಿರಾಣಿಯವನು ಮೆಲ್ಲನೆ ಅಕ್ಕಪಕ್ಕದ ಅಂಗಡಿಯವರ ಕಡೆ ತಿರುಗಿದ.

“ಕೇಳಿದ್ರಾ? ಒಂದಕ್ಕೆ ಒಪ್ಪಲ್ಲ ಅಂತಾರೆ.”

ಇನ್ನೇನು ಹೇಳಲಿ? ಹೇಳಿದ್ದೆಲ್ಲ ಬೇಡಿಕೆಯಾಗಿ, ಬೈದದ್ದೆಲ್ಲ ಚೌಕಾಸಿಯಾಗಿ ಅವರ ಕಿವಿಗೆ ಹೋಗುತ್ತಿತ್ತು. ಬಾಲ ಸುಟ್ಟ ಬೆಕ್ಕಿನಂತೆ ಮನೆಗೆ ಬಂದು ಹೆಂಡತಿಯ ಮುಂದೆ ನಿಂತೆ. “ನೀನಾದ್ರೂ ನಂಬ್ತೀಯಾ? ನಾನು ಏನೂ ತಗೊಂಡಿಲ್ಲ ಕಣೇ.”

“ತಗೊಂಡಿಲ್ಲ ಅಂತ ನಂಗೊತ್ತು ರೀ,” ಎಂದಳು ಅವಳು ಇಟ್ಟಿಗೆಯ ಕಡೆ ನೋಡುತ್ತ. “ತಗೊಳೋ ಗಂಡಾಗಿದ್ರೆ ಮನೆ ಹೀಗಿರ್ತಿತ್ತಾ?” ಅದನ್ನು ಸಮಾಧಾನವೆಂದೇ ಇಟ್ಟುಕೊಂಡೆ.

ನನ್ನ ಮೇಲೆ ಲಂಚದ ದೂರು ಮೇಲಿನವರೆಗೂ ಹೋಯಿತು. ಒಬ್ಬ ವಿಚಾರಣಾಧಿಕಾರಿ ಬಂದರು. ಸದಾ ನೆಗಡಿಯಾದಂತೆ ಮೂಗೊರೆಸಿಕೊಳ್ಳುವ, ಯಾವುದನ್ನೂ ನಂಬದ ಮನುಷ್ಯ. ನನ್ನ ಮೇಜಿನಲ್ಲಿ ನನ್ನ ಕುರ್ಚಿಯಲ್ಲೇ ಕುಳಿತು, ನನ್ನನ್ನು ಎದುರು ನಿಲ್ಲಿಸಿಕೊಂಡು ಕೇಳಿದರು.

“ಮನೇಲಿ ಗೇಮಿಂಗ್ ಕಂಪ್ಯೂಟರ್ ಇದೆಯಾ?”

“ಇದೆ ಸಾರ್.”

“ಯಾರದ್ದು?”

“ಅತ್ತೆಯದ್ದು.”

ಅವರು ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿದರು. “ಯಾಕ್ರೀ ಎಲ್ಲಾರೂ ಇದನ್ನೇ ಹೇಳ್ತೀರಿ? ಮನೆ ಯಾರದ್ದು ಅಂದ್ರೆ ಅತ್ತೆಯದ್ದು. ಕಾರ್ ಯಾರದ್ದು ಅಂದ್ರೆ ಅತ್ತೆಯದ್ದು. ಮೊನ್ನೆ ಒಬ್ಬ ಸಿಕ್ಕಿಬಿದ್ದ. ಪೆಟ್ರೋಲ್ ಬಂಕು ಅತ್ತೆಯದ್ದು ಅಂದ. ಅವನಿಗೆ ಮದುವೇನೇ ಆಗಿರ್ಲಿಲ್ಲ!”

“ನಮ್ಮತ್ತೆ ನಿಜವಾಗ್ಲೂ ಇದಾರೆ ಸಾರ್! ಅವರೇ ಆಡೋದು. ಕಾರ್ ರೇಸು.”

“ವಯಸ್ಸು?”

“ಎಪ್ಪತ್ತು ದಾಟಿದೆ.”

ಅವರು ಮೂಗೊರೆಸಿಕೊಂಡರು. “ಸುಳ್ಳು ಹೇಳೋರನ್ನ ನೋಡಿದೀನಿ. ಇಷ್ಟು ಕೆಟ್ಟದಾಗಿ ಹೇಳೋರನ್ನ ನೋಡಿಲ್ಲ.”

“ಬಂದು ನೋಡಿ ಸಾರ್! ಯಂತ್ರ ಹಳೇದು. ಗ್ಯಾಲರಿ ಎದುರಿನ ತಿರುವಲ್ಲಿ ನಿಂತೇ ಹೋಗುತ್ತೆ. ಹೊಸ ಕಾರ್ಡು ತಗೊಂಡಿದ್ರೆ ನಿಲ್ತಿತ್ತಾ?”

“ಭಾನುವಾರ ಸಂಜೆ ಬರ್ತೀನಿ. ಅತ್ತೆ ಇರ್ಬೇಕು. ಅತ್ತೆ ಆಡ್ಬೇಕು. ಯಂತ್ರ ನಿಲ್ಬೇಕು. ಇದರಲ್ಲಿ ಯಾವುದು ತಪ್ಪಿದ್ರೂ ಕೆಲಸದ ಆಸೆ ಬಿಟ್ಬಿಡಿ.”

ನಾನು ಎದೆಯುಬ್ಬಿಸಿ ಒಪ್ಪಿದೆ. ನನ್ನ ಮಾನ, ನನ್ನ ನೌಕರಿ, ಇಷ್ಟು ವರ್ಷದ ನೀರಿನ ಬಾಟಲಿ ಎಲ್ಲವೂ ಈಗ ಒಂದು ಹಳೆಯ ಕಂಪ್ಯೂಟರು ಸರಿಯಾದ ಜಾಗದಲ್ಲಿ ಕೆಟ್ಟು ನಿಲ್ಲುವುದರ ಮೇಲೆ ನಿಂತಿತ್ತು. ಅದರ ಮೇಲೆ ನನಗೆ ಪೂರ್ತಿ ಭರವಸೆಯಿತ್ತು. ಅತ್ತೆಗೆ ವಿಷಯವನ್ನು ವಿವರವಾಗಿ ಹೇಳದೆ, “ಒಬ್ಬರು ಸಾಹೇಬ್ರು ನಿಮ್ಮ ಆಟ ನೋಡೋಕೆ ಬರ್ತಾರೆ” ಎಂದಷ್ಟೇ ಹೇಳಿದೆ. ಅವರು ಹಳೆಯ ಟ್ರ್ಯಾಕ್‌ಸೂಟು ಇಸ್ತ್ರಿ ಮಾಡಿಸಿದರು.

ಭಾನುವಾರ ವಿಚಾರಣಾಧಿಕಾರಿ ಬಂದು ಸೋಫಾದಲ್ಲಿ ಕುಳಿತು ಒಂದು ಕಡೆಗೆ ವಾಲಿದರು. ಕರೆಯದಿದ್ದರೂ ಮಹಡಿಯ ನೆರೆಯವರು ಬಂದು ಅವರ ಪಕ್ಕ ಕುಳಿತರು. ಹೆಂಡತಿ ಬಾಗಿಲಲ್ಲಿ ನಿಂತಳು. ಅತ್ತೆ ಸ್ಟೀರಿಂಗ್ ಹಿಡಿದು, “ಆಟದ ಮಧ್ಯೆ ಯಾರೂ ಮಾತಾಡ್ಬಾರ್ದು” ಎಂದು ಎಲ್ಲರನ್ನೂ ಒಮ್ಮೆ ನೋಡಿದರು. ವಿಚಾರಣಾಧಿಕಾರಿ ತಮಗೇ ತಿಳಿಯದೆ ಬೆನ್ನು ನೆಟ್ಟಗೆ ಮಾಡಿದರು.

ರೇಸು ಶುರುವಾಯಿತು. ಅತ್ತೆಯ ಕೆಂಪು ಕಾರು ಹಿಂದಿನ ಸಾಲಿನಿಂದ ನುಗ್ಗಿತು. ನನಗೆ ಆಟ ಬೇಕಿರಲಿಲ್ಲ. ನಾನು ಕಾಯುತ್ತಿದ್ದದ್ದು ಆ ಒಂದು ತಿರುವಿಗೆ.

“ಈಗ ನೋಡಿ ಸಾರ್,” ಎಂದೆ ವಿಚಾರಣಾಧಿಕಾರಿಯ ಕಿವಿಯಲ್ಲಿ. “ಈಗ ನಿಲ್ಲುತ್ತೆ.”

ಗ್ಯಾಲರಿ ಬಂತು. ಯಾವಾಗಲೂ ಬಣ್ಣದ ಕಲೆಗಳಾಗಿ ಕಾಣುತ್ತಿದ್ದ ಜನ ಒಬ್ಬೊಬ್ಬರೇ ಮುಖ ಮೂಗು ಸಮೇತ ಕಂಡರು. ಒಬ್ಬ ಟೋಪಿ ತೆಗೆದು ಬೀಸಿದ. ಕಾರು ನುಣ್ಣಗೆ ತಿರುವು ದಾಟಿ ಹೋಯಿತು.

“ಭಲೇ!” ಎಂದರು ವಿಚಾರಣಾಧಿಕಾರಿ.

ನನಗೂ ಒಂದು ಗಳಿಗೆ ಭಲೇ ಎನ್ನಿಸಿತು. ಮರುಗಳಿಗೆ, ಅದು ನಿಲ್ಲಬೇಕಿತ್ತಲ್ಲ ಎಂದು ಹೊಳೆಯಿತು. ಮೇಜಿನ ಕೆಳಗೆ ಬಗ್ಗಿ ನೋಡಿದೆ. ಪೆಟ್ಟಿಗೆಯ ಗಾಜಿನ ಬದಿಯೊಳಗೆ ಇಟ್ಟಿಗೆ ಗಾತ್ರದ ಏನೋ ಒಂದು ಕುಳಿತು, ಕೆಂಪು ನೀಲಿ ದೀಪ ಹಚ್ಚಿಕೊಂಡು ಗಾಳಿ ಬೀಸುತ್ತಿತ್ತು.

“ಅತ್ತೆ! ಇದೇನಿದು?”

“ಮೊನ್ನೆ ಅಂಗಡಿಯವನೇ ಮನೆಗೆ ಬಂದು ಹಾಕಿಕೊಟ್ಟು ಹೋದನಲ್ಲ, ನೀವು ಆಫೀಸಿಗೆ ಹೋಗಿದ್ದಾಗ. ಕಾರ್ಡು, ಪವರ್ ಸಪ್ಲೈ ಎರಡೂ. ದುಡ್ಡು ಕೇಳಿದ್ರೆ, ಎಲ್ಲಾ ಸಾಹೇಬ್ರ ಹತ್ರ ಮಾತಾಗಿದೆ ಅಂದ. ನೀವೇ ಕಳ್ಸಿದ್ದಲ್ವಾ? ಮಾತಾಡಿಸ್ಬೇಡಿ, ಮುಂದೆ ಇಳಿಜಾರಿದೆ!”

ನಾನು ತಿರುಗಿ ವಿಚಾರಣಾಧಿಕಾರಿಯನ್ನು ನೋಡಿದೆ. ಅವರಿಗೆ ಒಂದಕ್ಷರ ಕೇಳಿಸಿರಲಿಲ್ಲ. ಸೋಫಾದ ತುದಿಗೆ ಬಂದು, ಮೂಗೊರೆಸುವುದನ್ನೂ ಮರೆತು, ಅತ್ತೆಯ ಜೊತೆ ಎಡಕ್ಕೂ ಬಲಕ್ಕೂ ವಾಲುತ್ತಿದ್ದರು. “ಹಸಿರು ಕಾರ್ ಹಿಂದೆ ಹಾಕಿ ಅಮ್ಮಾ! ಬಲಕ್ಕೆ! ಬಲಕ್ಕೆ!”

ನೆರೆಯವರು ನನ್ನ ತೋಳು ಹಿಡಿದು ಪಿಸುಗುಟ್ಟಿದರು. “ಸುಮ್ನಿರಿ. ನಿಲ್ಬೇಕು ಅನ್ನೋದೇ ಅವ್ರಿಗೆ ಮರೆತುಹೋಗಿದೆ. ಅತ್ತೆ ಇದಾರೆ, ಆಡ್ತಿದಾರೆ, ಅಷ್ಟು ಸಾಕು. ಬಾಯಿ ಮುಚ್ಕೊಂಡಿದ್ರೆ ಕೆಲಸಾನೂ ಉಳಿಯುತ್ತೆ, ಕಾರ್ಡೂ ಉಳಿಯುತ್ತೆ.”

ಬುದ್ಧಿವಂತರ ಮಾತು. ಆದರೆ ನನ್ನ ಮನೆಯೊಳಗೆ, ನನ್ನ ಕಣ್ಣೆದುರಿಗೆ, ಆ ಕಿರಾಣಿಯವನ ಕಾರ್ಡು ದೀಪ ಹಚ್ಚಿಕೊಂಡು ಕುಳಿತಿದೆ! ಕಲ್ಲಿನ ಹೊಟ್ಟೆಯೊಳಗೆ ಮೇಣ ತುಂಬಿದವರನ್ನು ಬೀದಿಯಲ್ಲಿ ನಿಲ್ಲಿಸಿ ಬೈದವನು ನಾನು. ಅತ್ತೆಯ ಕಾರು ಎಲ್ಲರನ್ನೂ ಹಿಂದೆ ಹಾಕಿ ಮೊದಲನೆಯದಾಗಿ ಕೊನೆಯ ಸುತ್ತಿಗೆ ಬಂದಿತ್ತು. ಗ್ಯಾಲರಿಯ ಜನ ಎದ್ದು ನಿಂತಿದ್ದರು. ವಿಚಾರಣಾಧಿಕಾರಿಯೂ ಎದ್ದು ನಿಂತಿದ್ದರು.

ನಾನು ಗೋಡೆಯ ಪ್ಲಗ್ ಕಿತ್ತೆ.

ಪರದೆ ಕಪ್ಪಾಯಿತು.

“ಸಾರ್!” ಎಂದು ಕೂಗಿದೆ ಪ್ಲಗ್ ಹಿಡಿದ ಕೈಯೆತ್ತಿ. “ಈ ಯಂತ್ರ ನಿಲ್ಬೇಕಿತ್ತು, ನಿಲ್ಲಲಿಲ್ಲ. ಯಾಕೆ ಅಂದ್ರೆ ಇದ್ರಲ್ಲಿ ಪೇಟೆಯವರು ತಂದಿಟ್ಟ ಕಾರ್ಡಿದೆ. ನಾನು ಕೇಳಿದ್ದಲ್ಲ, ತಗೊಂಡಿದ್ದಲ್ಲ. ಅತ್ತೆಗೂ ಗೊತ್ತಿರ್ಲಿಲ್ಲ. ಕೆಲಸ ಕಿತ್ಕೊಳ್ಳೋದಾದ್ರೆ ಕಿತ್ಕೊಳ್ಳಿ. ಇದು ಮಾತ್ರ ನನ್ನ ಮನೇಲಿ ಇನ್ನೊಂದು ಗಳಿಗೆ ಇರೋದಿಲ್ಲ!”

ವಿಚಾರಣಾಧಿಕಾರಿ ಕಪ್ಪು ಪರದೆಯನ್ನೇ ನೋಡುತ್ತಿದ್ದರು. “ಒಂದೇ ಒಂದು ತಿರುವು ಉಳಿದಿತ್ತಲ್ರೀ,” ಎಂದರು ನಡುಗುವ ದನಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ ಸಿಡಿದರು. “ಪ್ರಾಮಾಣಿಕ ಆಗೋಕೆ ಎರಡು ನಿಮಿಷ ತಡ್ಕೊಳಕ್ಕಾಗ್ಲಿಲ್ವೇನ್ರೀ?”

ಅತ್ತೆ ಸ್ಟೀರಿಂಗ್ ಬಿಟ್ಟಿರಲಿಲ್ಲ. ಅವರ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. “ಪುಗಸಟ್ಟೆ ಬಂದಿದ್ದಾ ಅದು?” ಎಂದು ಕೇಳಿದರು.

“ಹೌದು ಅತ್ತೆ.”

“ಬಿಚ್ಚಿ ಹಾಗಾದ್ರೆ. ಗೆರೆ ದಾಟಿ ನಿಂತು ಓಡಿದವರನ್ನ ನಾನೂ ವಾಪಸ್ ಕಳಿಸ್ತಿದ್ದೆ,” ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ. “ಆದ್ರೂ ಸಾಹೇಬ್ರು ಹೇಳಿದ್ದು ಸರಿ. ಎರಡು ನಿಮಿಷ ತಡೀಬಹುದಿತ್ತು,” ಎಂದು ಸೇರಿಸಿದರು.

“ಸ್ಕ್ರೂಡ್ರೈವರ್ ಎಲ್ಲಿ?” ಎಂದು ನಾನು ತಿರುಗುವಷ್ಟರಲ್ಲಿ ಹೆಂಡತಿ ಅದನ್ನು ಹಿಡಿದುಕೊಂಡು ಹಿಂದೆಯೇ ನಿಂತಿದ್ದಳು. ಪ್ಲಗ್ ಕಿತ್ತಾಗಲೇ ತರಲು ಹೋಗಿದ್ದಳಂತೆ. “ನೀವು ಹೀಗೇ ಮಾಡ್ತೀರ ಅಂತ ಗೊತ್ತಿತ್ತು. ತಗೊಳ್ಳಿ,” ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಅದಕ್ಕೇ ಮೊದಲ ಸ್ಕ್ರೂ ಬಿಚ್ಚಲು ನನಗೆ ಸ್ವಲ್ಪ ತಡವಾಯಿತು.

ಕಾರ್ಡು, ಪವರ್ ಸಪ್ಲೈ ಎರಡನ್ನೂ ಮೇಜಿನ ಮೇಲಿಟ್ಟಾಗ ವಿಚಾರಣಾಧಿಕಾರಿ ಬಗ್ಗಿ ನೋಡಿ ಒಂದು ನಿಟ್ಟುಸಿರು ಬಿಟ್ಟರು. “ಇದನ್ನ ತಗೊಂಡಿದ್ರೆ ಬಾಯ್ಮುಚ್ಕೊಂಡಿರ್ತಿದ್ರಿ. ನೀವು ತಗೊಂಡಿಲ್ಲ, ಅದು ನಂಗೆ ಖಾತ್ರಿ ಆಯ್ತು. ನಿಮ್ಮ ಕೆಲಸಕ್ಕೆ ತೊಂದ್ರೆ ಇಲ್ಲ. ನಡೀರಿ, ನನ್ನ ಕಣ್ಣೆದುರಿಗೇ ವಾಪಸ್ ಕೊಡಿ.”

ನಾನು ಪೇಟೆಯ ಬೀದಿಯಲ್ಲಿ ಅಷ್ಟು ತಲೆಯೆತ್ತಿ ನಡೆದದ್ದು ಎಂದೂ ಇಲ್ಲ. ಕಂಕುಳಲ್ಲಿ ಕಾರ್ಡು, ಕೈಯಲ್ಲಿ ಪವರ್ ಸಪ್ಲೈ, ಪಕ್ಕದಲ್ಲಿ ಸರ್ಕಾರ. ಅಂಗಡಿ ಅಂಗಡಿಯವರೂ ಕೆಲಸ ಬಿಟ್ಟು ನೋಡಿದರು. ಇಂದು ಇಡೀ ಪೇಟೆಗೆ ನನ್ನ ತೂಕ ತಿಳಿಯುತ್ತದೆ ಎಂದುಕೊಂಡೆ. ಕಂಪ್ಯೂಟರ್ ಅಂಗಡಿಯಲ್ಲಿ ಮಾಲೀಕನೂ ಕಿರಾಣಿಯವನೂ ಕುಳಿತಿದ್ದರು. ಎರಡನ್ನೂ ಕೌಂಟರಿನ ಮೇಲೆ ಕುಕ್ಕಿದೆ.

“ಇದು ನನಗೆ ಬೇಡ! ತಗೊಳ್ಳಿ. ನನ್ನ ಹಳೇದನ್ನ ವಾಪಸ್ ಕೊಡಿ!”

ಅಂಗಡಿಯವನು ಕಾರ್ಡನ್ನು ನೋಡಿದ. ನನ್ನ ಕೆಂಪಾದ ಮುಖ ನೋಡಿದ. ನನ್ನ ಹಿಂದೆ ನಿಂತಿದ್ದ ಇನ್ನೊಬ್ಬ ಅಧಿಕಾರಿಯನ್ನು ನೋಡಿದ. ಹೆಗಲ ಮೇಲಿನ ಕೇಬಲ್ ತೆಗೆದು ನೆಲಕ್ಕೆ ಬಿಸಾಡಿ, ಕಿರಾಣಿಯವನ ಮೇಲೆ ಹರಿಹಾಯ್ದ.

“ಬಡ್ಕೊಂಡೆ, ಕೇಳಿದ್ರಾ? ಡಬ್ಬಿ ದೊಡ್ಡದಾಗಿದೆ, ಇದೇ ಕೊಡೋಣ ಅಂದ್ರಿ. ಸಾಹೇಬ್ರಿಗೆ ಬೇಕಾಗಿದ್ದು ಪ್ರೊಸೆಸರ್ರು ಕಣ್ರೀ, ಪ್ರೊಸೆಸರ್ರು!”